ಮುಂದೆ ಚಾಚಿದ ಕಾಲು

ಬನಹಟ್ಟಿಯಲ್ಲಿ ಎಲ್ಲರೂ ಹೇಳುವುದು ಒಂದೇ ಕತೆ: ಸಂಗಪ್ಪ ಕಾಕಾನಿಗೆ ಸೊಕ್ಕು ಬಂದಿತ್ತು, ಹಿರಿಯರಿಗೆ ಕಾಲು ತೋರಿಸುತ್ತ ಸೈಕಲ್ ಹೊಡೆಯುತ್ತಿದ್ದ, ಅದಕ್ಕೇ ರೇಸಿನಿಂದ ಹೊರಗೆ ಹಾಕಿದರು. ಸೊಕ್ಕಿಗೆ ಸಾಕ್ಷಿ ಏನು ಎಂದು ಕೇಳಿದರೆ, ‘ಇದು ನಿನ್ನ ಚರ್ಚಾಸ್ಪರ್ಧೆ ಅಲ್ಲ, ಸುಮ್ಕಿರು’ ಎನ್ನುತ್ತಾರೆ. ನಾನೇಕೆ ಸುಮ್ಮನಿರಬೇಕು?

ಕಾಕಾ ನಮ್ಮ ಓಣಿಯ ನೇಕಾರ. ಹರೆಯದಲ್ಲಿ ಜಮಖಂಡಿ, ಮುಧೋಳದ ಸೈಕಲ್ ರೇಸುಗಳಲ್ಲಿ ಗೆದ್ದವನು. ಮಗ್ಗದ ಮುಂದೆ ಕೂತು ಕೂತು ಬೆನ್ನು ಹೋಯಿತು. ಸೀಟಿನ ಮೇಲೆ ಹತ್ತು ನಿಮಿಷ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಸೈಕಲ್ ಬಿಡಲಿಲ್ಲ. ಎರಡು ಹಳೆಯ ಸೈಕಲ್ ಕೊಯ್ದು, ಬೆಸೆದು, ಮಂಚದ ನವಾರದಿಂದ ಒರಗುವ ಸೀಟು ಹೆಣೆದ. ಆರಾಮಖುರ್ಚಿಯಲ್ಲಿ ಕೂತಂತೆ ಕೂತು, ಕಾಲು ಮುಂದೆ ಚಾಚಿ ತುಳಿಯಬೇಕು.

ನಾನು ಹತ್ತಿದ ದಿನ ಮೂರು ಮಾರು ಹೋಗುವುದರೊಳಗೆ ಬಿದ್ದೆ. ಏರು ಬಂದರೆ ಎದ್ದು ನಿಂತು ತುಳಿಯುವ ರೂಢಿ. ಇಲ್ಲಿ ನಿಲ್ಲಲು ಕಾಲ ಕೆಳಗೆ ಪೆಡಲ್ಲೇ ಇಲ್ಲ! ಕಾಕಾ ನಕ್ಕ: ‘ತಂಗೀ, ಹ್ಯಾಂಡಲ್ ಅಂದ್ರ ಕಳ್ಳನ ಕೊಳ್ಳಪಟ್ಟಿ ಏನ? ಸಡ್ಲ ಬಿಡು. ಬೆನ್ನ ಒತ್ತು, ಕಾಲು ತಾನ ಹೋಗ್ತಾವು. ವಾದಾ ಮಾಡಿದಂಗ ಹೊಡದ್ರ ಗಟಾರಕ್ಕ ಹೋಗ್ತಿ.’

ಇಂಥವನಿಗೆ ಸೊಕ್ಕೇ? ಎದುರಿಗೆ ಹಿರಿಯರು ಕಂಡರೆ ಆ ತಗ್ಗು ಸೀಟಿನಿಂದ ಸೊಂಟ ಹಿಡಿದುಕೊಂಡು ಇಳಿದು ನಿಲ್ಲುತ್ತಿದ್ದ. ರಬಕವಿಯಿಂದ ಬನಹಟ್ಟಿಗೆ ಬರುವುದರೊಳಗೆ ಎಷ್ಟು ಸಲ! ‘ಇಳದ್ರ ಕಾಲು ನೆಲಕ್ಕಿರ್ತಾವು. ಯಾರಿಗ್ಯಾಕ ಬ್ಯಾಸರ?’

ನಡುವಯಸ್ಸಿನವರ ರೇಸಿಗೆ ಅವನು ವರ್ಷವಿಡೀ ತಯಾರಾಗಿದ್ದ. ‘ಒಂದ ಸಲ ಹೊಡದಬಿಟ್ರ ಸಾಕವಾ’ ಎನ್ನುತ್ತಿದ್ದ. ರೇಸಿನ ದಿನ ಶುರುವಿನ ಗೆರೆಯ ಆಚೆ, ಕಾಕಾ ಚಾಚಿದ ಕಾಲಿನ ಎದುರಿಗೇ, ನಿಶಾನೆ ಹಿಡಿದು ಗೌಡರು ನಿಂತಿದ್ದರು. ರೇಸು ನಡೆಸುವವರು ಅವರೇ.

‘ಏ ಸಂಗ್ಯಾ, ಯಾರಿಗೆ ಕಾಲು ತೋರಸ್ತೀಯೋ?’

‘ಗೌಡ್ರ, ಚೂರು ಬಾಜೂಕ ನಿಂದರ್ರಿ. ಇಳ್ಯಾಕ ಬೆನ್ನ ಕೇಳವಲ್ದರಿ.’

‘ನಾ ಸರೀಬೇಕ? ನೆಟ್ಟಗ ಕುಂಡ್ರವರಿಗಷ್ಟ ರೇಸ್. ತಗಿ ಹೊರಗ!’

ಎರಡು ಗಾಲಿ ಇರಬೇಕು, ಎಂಜಿನ್ ಇರಬಾರದು: ರೇಸಿನ ಚೀಟಿಯಲ್ಲಿದ್ದ ನಿಯಮ ಇಷ್ಟೇ. ಅದನ್ನು ಹಿಡಿದು ತೋರಿಸಿದೆ. ‘ಹುಡುಗೀ, ನಮಗ ಕಾಯ್ದೆ ಕಲಸ್ತಿ?’ ಎಂದರು. ಸುತ್ತಲಿನವರು ನಕ್ಕರು. ಗೌಡರು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಮುಗಿಯುತ್ತಿತ್ತು. ಆ ಒಂದು ಹೆಜ್ಜೆ!

ಮರುದಿನ ಕಾಕಾ ಆ ಒರಗುವ ಸೈಕಲನ್ನು ಗೋಡೆಗೆ ತೂಗುಹಾಕಿ, ನೆಟ್ಟಗೆ ಕೂತು ಹೊಡೆಯುವ ಹಳೆಯ ಸೈಕಲ್ ಹೊರಗೆ ತೆಗೆದ. ‘ಬ್ಯಾಡೋ ಕಾಕಾ’ ಎಂದು ಜಗಳಾಡಿದೆ. ‘ಮಂದಿ ಒಲ್ಲೆ ಅಂದಮ್ಯಾಲ ಆತು ಬಿಡವಾ.’ ಎರಡೇ ತಿಂಗಳು. ಬೆನ್ನು ಪೂರ್ತಿ ಬಿದ್ದುಹೋಯಿತು.

ನಾನು ಅವನನ್ನು ಕೊನೆಯ ಸಲ ಕಂಡದ್ದು ಮಂಚದ ಮೇಲೆ. ಗೌಡರು ಬಾಳೆಹಣ್ಣು ಹಿಡಿದು ಬಂದು ಕಾಲ ದೆಸೆಗೇ ಕೂತರು. ಕಾಕಾ ಕಾಲು ಮಡಚಲು ಒದ್ದಾಡಿದ, ಆಗಲಿಲ್ಲ. ಗೌಡರು ಅವನ ಪಾದದ ಮೇಲೆ ಕೈಯಿಟ್ಟರು. ‘ಇರ್ಲಿ ಬಿಡೋ ಸಂಗಪ್ಪ, ಕಾಲಿಂದೇನು?’

ಹೊರಗೆ ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಅಡ್ಡ ನಿಂತು ಕೇಳಿದೆ:

‘ಗೌಡ್ರ, ಇವತ್ತ ಕಾಲಿಂದೇನು ಅಂದ್ರಿ. ಅವತ್ತ ಏನಿತ್ತರಿ?’