ಕಾರ್ಡಿನ ಮೇಲಿನ ಕುಂಕುಮ

ಪಾಂಡವಪುರದ ನಮ್ಮ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಒಂದು ಕೋಣೆ, ಅದರಲ್ಲಿ ನನ್ನದೊಂದು ಕಂಪ್ಯೂಟರ್. ತೊಂಬತ್ತೇಳರ ಸುಮಾರಿನ ಮಾತು. ಯಾವುದೋ ಆಫೀಸಿನವರು ಬಳಸಿ ಬಿಟ್ಟ ಹಳೇ ಯಂತ್ರ ಅದು. ಅದರಲ್ಲೇ ಲಗ್ನಪತ್ರಿಕೆ, ಅರ್ಜಿ, ಶಾಲೆಗಳ ಪ್ರಶ್ನೆಪತ್ರಿಕೆ ಮಾಡಿಕೊಡುತ್ತಿದ್ದೆ. ಆ ಕೋಣೆಯಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ ಇಡಬೇಕೆಂದು ಮಾವನಿಗೆ ಮೊದಲಿನಿಂದಲೂ ಕಣ್ಣು. ಅಡ್ಡ ನಿಂತವರು ನಮ್ಮತ್ತೆ. ಅಕ್ಷರ ಬಾರದ ಹೆಂಗಸು. ಸೊಸೆ ಕೂತು ನಾಲ್ಕಕ್ಷರ ಕುಟ್ಟಿಕೊಂಡರೆ ನಿಮ್ಮ ಗಂಟೇನು ಹೋಗುತ್ತೆ ಎಂದು ಮಾವನನ್ನು ಎಷ್ಟು ಸಲ ಗದರಿಸಿದ್ದರೋ ಲೆಕ್ಕವಿಲ್ಲ. ಆ ಕೋಣೆ ಕೈಬಿಟ್ಟರೆ ನಾನು ಮತ್ತೆ ಒಲೆ ಮುಂದೆ, ಸಗಣಿ ಬುಟ್ಟಿ ಮುಂದೆ. 

ಆ ವರ್ಷ ದಸರಾ ಕಳೆದ ವಾರದಲ್ಲಿ ಯಂತ್ರ ಕೈಕೊಟ್ಟಿತು. ಮೊದಲು ಪರದೆಯ ಮೇಲೆ ಅಲ್ಲಲ್ಲಿ ಚುಕ್ಕೆ. ಆಮೇಲೆ ಒತ್ತಕ್ಷರಗಳೆಲ್ಲ ಕಲಸಿಕೊಂಡು ಗೀರುಗೀರು. ಮೂರನೇ ದಿನ ಪರದೆ ಪೂರ್ತಿ ಕಪ್ಪು. ಸ್ವಿಚ್ ಹಾಕಿದರೆ ಒಳಗಿನಿಂದ ಒಂದು ಉದ್ದ, ಎರಡು ಗಿಡ್ಡ ಕೂಗು, ಅಷ್ಟೇ. ಹೈಸ್ಕೂಲಿನವರಿಗೆ ಸೋಮವಾರ ಪ್ರಶ್ನೆಪತ್ರಿಕೆ ಕೊಡಬೇಕಿತ್ತು. ವಿಷಯ ಮಾವನ ಕಿವಿಗೆ ಬೀಳದೆ ಇರುತ್ತದೆಯೇ? ದೀಪಾವಳಿವರೆಗೂ ನೋಡುತ್ತೇನೆ, ಆಮೇಲೆ ಬೂಸಾ ಮೂಟೆ ಇಳಿಸುತ್ತೇನೆ ಎಂದರು.

ಮಾನಿಟರ್ ಕೆಟ್ಟಿದೆಯೇನೋ ಎಂದು ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಶಾಲೆಯಿಂದ ಇನ್ನೊಂದನ್ನು ಬೇಡಿ ತಂದು ಹಾಕಿದೆ. ಅದೂ ಕಪ್ಪು. ವೈರು ಬದಲಿಸಿದೆ. ಹಾಳಾದ್ದು, ಅದೇ ಮೂರು ಕೂಗು. ಅಂದರೆ ತೊಂದರೆ ಡಿಸ್‌ಪ್ಲೇ ಕಾರ್ಡಿನದು, ಪರದೆಗೆ ಚಿತ್ರ ಕಳಿಸುವ ಆ ಹಸಿರು ಹಲಗೆಯದು. ಮುಚ್ಚಳ ಬಿಚ್ಚಿ, ಕಾರ್ಡು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ರಬ್ಬರು ಕೆಂಪಾಯಿತು.

ಯಾಕೆ ಕೆಂಪಾಯಿತೆಂದು ನನಗೆ ಗೊತ್ತಿತ್ತು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಟ್ರಾಕ್ಟರಿನ ಬಾನೆಟ್ ಎತ್ತಿ ಇಂಜಿನ್ನಿಗೇ ಬೊಟ್ಟಿಡುತ್ತಾರೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ತೆಗೆದು ಒಳಗೆ ಇಡುತ್ತಾರೆ. ಅತ್ತೆ ನನ್ನ ಕಂಪ್ಯೂಟರಿಗೆ ಮೇಲ್ಗಡೆ ಒಂದು ಬೊಟ್ಟಿಟ್ಟು, ಹೂವು ಮುಡಿಸಿ, ಹಸುಗಳ ಪೂಜೆಗೆ ಹೋದರು. ನನಗೆ ಅಷ್ಟು ಸಾಲಲಿಲ್ಲ, ನೋಡಿ. ನನ್ನ ಯಂತ್ರವೇನು ಟ್ರಾಕ್ಟರಿಗಿಂತ ಕಡಿಮೆಯೇ? ಒಬ್ಬಳೇ ಮುಚ್ಚಳ ಬಿಚ್ಚಿ, ತೇಯ್ದ ಗಂಧದಲ್ಲಿ ಕುಂಕುಮ ಕಲಸಿ, ಕೈಗೆ ಸಿಕ್ಕ ಹಲಗೆಗೆಲ್ಲ ಇಟ್ಟೆ. ಹಸಿ ಆರುವ ಮುಂಚೆ, ಶಾಸ್ತ್ರಕ್ಕೆಂದು, ಒಂದು ಗಳಿಗೆ ಸ್ವಿಚ್ಚೂ ಹಾಕಿದೆ. ಕೆಂಪು ರಬ್ಬರನ್ನು ಕಂಡಾಗಲೂ, ಕುಂಕುಮದಿಂದ ಯಾವ ಯಂತ್ರ ಕೆಟ್ಟೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಾರ್ಡನ್ನು ಬೇರೆ ಸ್ಲಾಟಿಗೆ ಸಿಕ್ಕಿಸಿದರೂ ಏನೂ ಆಗಲಿಲ್ಲ. ಕಡೆಗೆ ಇಡೀ ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮೈಸೂರು ಬಸ್ಸು ಹತ್ತಿದೆ. ಅತ್ತೆ ಬಸ್‌ಸ್ಟ್ಯಾಂಡಿನವರೆಗೂ ಬಂದು, ಗುಂಡಿ ನೋಡಿ ಓಡಿಸಪ್ಪಾ ಎಂದು ಡ್ರೈವರಿಗೆ ಹೇಳಿ ಹೋದರು. ಶ್ರೀರಂಗಪಟ್ಟಣ ದಾಟಿ ಬಾಬುರಾಯನಕೊಪ್ಪಲು ಬರುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. ಪೆಟ್ಟಿಗೆಯನ್ನು ಕೆಳಗಿಡಲು ಮಾತ್ರ ಮನಸ್ಸಾಗಲಿಲ್ಲ.

ರಿಪೇರಿಯವನು ಕಾರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಪೂಜೆ ಮಾಡಿದ್ರಾ ಮೇಡಂ ಎಂದ. ನಾನು ತಲೆಯಾಡಿಸಿದೆ. ಅವನು ನಗಲಿಲ್ಲ; ನಕ್ಕಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಹಸಿ ಗಂಧದ ಮೇಲೆ ಕರೆಂಟು ಹರಿದು ಕಾರ್ಡು ಸುಟ್ಟಿದೆ, ಕಾರ್ಡು ಕೂರುವ ಸ್ಲಾಟಿನೊಳಕ್ಕೂ ಗಂಧ ಇಳಿದು, ಕೆಳಗಿನ ದೊಡ್ಡ ಬೋರ್ಡೂ ಹೋಗಿದೆ ಎಂದ. ಎರಡು ಹಳೇ ಕಾರ್ಡು ಹಾಕಿ ತೋರಿಸಿದ. ಪರದೆ ಬೆಳಗಲಿಲ್ಲ. ಇಂಥ ಬೋರ್ಡು ಈಗ ಬರುವುದಿಲ್ಲ, ಎಲ್ಲಾದರೂ ಹಳೆಯದು ಸಿಕ್ಕರೆ ಒಂದು ತಿಂಗಳು ಬೇಕು ಎಂದ. ಪೆಟ್ಟಿಗೆ ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದೆ.

ಅತ್ತೆ ಹಿತ್ತಿಲಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ಏನಂದರು ಎಂದು ಕೇಳಿದರು. ಕುಂಕುಮ ಬಿದ್ದು ಸುಟ್ಟಿದೆಯಂತೆ ಎಂದೆ. ಅವರ ಕೈ ನಿಂತುಹೋಯಿತು.

"ನಾನಿಟ್ಟ ಕುಂಕ್ಮದಿಂದ್ಲೇನವ್ವಾ?"

ಇಲ್ಲ ಎನ್ನಬೇಕಿತ್ತು. ಮುಚ್ಚಳ ತೆಗೆದದ್ದು ನಾನು, ನಿಮ್ಮ ಬೊಟ್ಟು ಹೊರಗಿನದು ಎನ್ನಬೇಕಿತ್ತು. ಸೋತು ಸುಣ್ಣವಾಗಿದ್ದೆ, ಮೈಯೆಲ್ಲ ಕೋಪ ಬೇರೆ. ಅದರ ಮೇಲೆ ತಪ್ಪನ್ನೂ ಹೊರಲು ನನ್ನ ಹಾಳು ಜಂಬ ಬಿಡಲಿಲ್ಲ. ಮಾತಾಡದೆ ಒಳಗೆ ಹೋದೆ.

ದೀಪಾವಳಿ ಕಳೆದ ಮಾರನೇ ಬೆಳಿಗ್ಗೆ ಮೂಟೆ ತುಂಬಿದ ಗಾಡಿ ಬಾಗಿಲಿಗೆ ಬಂತು. ಇನ್ನೊಂದು ಹದಿನೈದು ದಿನ ಇರಲಿ ಎಂದು ನಾನು ಮಾವನನ್ನು ಕೇಳಿಕೊಂಡೆ. ಅವರು, ಏನೇ, ನೀನೇನಂತೀಯಾ ಎಂದು ಅತ್ತೆಯ ಕಡೆ ತಿರುಗಿದರು. ಅತ್ತೆ ಬೇಡವೆಂದಿದ್ದರೆ ಗಾಡಿ ಹಿಂದಕ್ಕೆ ಹೋಗುತ್ತಿತ್ತು; ಆ ಮನೆಯಲ್ಲಿ ಅವರ ಮಾತಿಗೆ ಅಷ್ಟು ತೂಕ ಇತ್ತು.

ಅತ್ತೆ ನನ್ನ ಮುಖ ನೋಡಲಿಲ್ಲ.

"ನಾನ್ಯಾವ್ ಬಾಯಲ್ಲಿ ಬ್ಯಾಡ ಅನ್ಲಿ. ಅವ್ಳ ಅನ್ನಕ್ಕೆ ಕಲ್ಲಾಕಿದ್ದೇ ನಾನು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗಲೂ ನಾನು ಬಾಯಿ ಬಿಡಲಿಲ್ಲ. ನಿಜ ಹೇಳಲು ಅಷ್ಟು ಹೊತ್ತು ಸಾಕಿತ್ತು. ಮಾವ ಕೈ ಬೀಸಿದರು, ಆಳುಗಳು ಮೊದಲನೇ ಮೂಟೆ ಹೊತ್ತು ಒಳಗೆ ಬಂದರು, ನಾನು ದಾರಿ ಬಿಟ್ಟು ನಿಂತೆ.