ಐದು ಮೂಲೆಯ ಭಯ
ಇಂಗ್ಲೆಂಡಿನ ಡೆವನ್ ಸೀಮೆಯ ನಮ್ಮ ಹಳ್ಳಿಯ ಚರ್ಚಿನಲ್ಲಿ ಹೂವು ಜೋಡಿಸುವ ಹೆಪ್ಜಿಬಾ ಟ್ರಸ್ಕಾಟ್ ಸೇಬನ್ನು ಉದ್ದಕ್ಕೇ ಕೊಯ್ಯುತ್ತಾಳೆ. ಅಡ್ಡ ಕೊಯ್ದರೆ ನಡುವೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ, ಅದು ಸೈತಾನನ ಗುರುತೆಂದು ಅವಳ ನಂಬಿಕೆ. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ನಕ್ಷತ್ರದ ಮೂಲೆಗಳನ್ನೂ ಎಣಿಸಿ, ಆರಿದ್ದರೆ ಮಾತ್ರ ಏಣಿ ಹತ್ತುತ್ತಾಳೆ. ಐದು ತೋಳಿನ ನಕ್ಷತ್ರಮೀನನ್ನು ಸೃಷ್ಟಿಸಿದ ವಿಷಯದಲ್ಲಿ ಅವಳಿಗೆ ದೇವರ ಮೇಲೂ ತುಸು ಅಸಮಾಧಾನವಿದೆ. ಪ್ರಕೃತಿಯನ್ನೇ ಪೂಜಿಸುವ ವಿಕ್ಕ ಪಂಥದ ರೊವೆನಾ ಕೊರಳಲ್ಲಿ ಅದೇ ನಕ್ಷತ್ರ ತೊಟ್ಟು ಎದುರಾದರೆ, ಮೂಗು ಮೇಲೆತ್ತಿ ರಸ್ತೆ ದಾಟುತ್ತಿದ್ದಳು. "ಇದು ಮಣ್ಣು, ನೀರು, ಗಾಳಿ, ಬೆಂಕಿ, ಜೀವ ಅಷ್ಟೇ ಅಮ್ಮಾ. ಸೈತಾನ ನಿಮ್ಮ ಕಡೆಯೋನು, ನಮ್ಮಲ್ಲಿ ಅವನೇ ಇಲ್ಲ!" ಎಂದು ರೊವೆನಾ ಕೂಗಿದರೆ, "ಸೈತಾನನೂ ಹೀಗೇ ಹೇಳ್ತಾನೆ ಕಣೇ!" ಎಂದು ಹೆಪ್ಜಿಬಾ ಅನ್ನುತ್ತಿದ್ದಳು. ಈ ಈಸ್ಟರಿಗೆ ಮುಂಚೆ ಚರ್ಚಿನ ಕಪಾಟು ಗುಡಿಸುವಾಗ, ಪ್ರಾರ್ಥನೆಗೆ ಮೊಣಕಾಲೂರುವ ಹಳೆಯ ದಿಂಬೊಂದರ ಮೇಲೆ ಕೆಂಪು ದಾರದ ಆ ನಕ್ಷತ್ರ ಸಿಕ್ಕಿತು. ರೊವೆನಾಳದೇ ಕೈವಾಡವೆಂದು ಊರಿಗೆಲ್ಲ ಸಾರಿ, ಎಲ್ಲರೆದುರು ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ಪಾದ್ರಿಗಳು ಬಂದು ಮೆಲ್ಲಗೆ, "ಅದು ಯೇಸುವಿನ ಐದು ಗಾಯಗಳ ಹಳೇ ಗುರುತಮ್ಮ. ನೀವು ಹೊಟ್ಟೇಲಿದ್ದಾಗ ನಿಮ್ಮ ತಾಯಿ ಹೊಲಿದಿದ್ದು. ಅಡೀಲಿ ಹೆಸರಿದೆ ನೋಡಿ," ಎಂದರು. ಹೆಪ್ಜಿಬಾ ನೋಡಲಿಲ್ಲ; ಮಡಿಲಲ್ಲಿದ್ದ ಕೆಂಪು ದಾರವನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ದಾರ ಹೋದರೂ ಸೂಜಿಯ ತೂತುಗಳಲ್ಲಿ ನಕ್ಷತ್ರ ಹಾಗೇ ಉಳಿದಿದೆ, ಭಾನುವಾರ ಅವಳು ಅದರ ಮೇಲೇ ಮೊಣಕಾಲೂರುತ್ತಾಳೆ. ರೊವೆನಾ ಎದುರಾದರೆ ಈಗಲೂ ರಸ್ತೆ ದಾಟುತ್ತಾಳೆ, ತಲೆ ತಗ್ಗಿಸಿಕೊಂಡು.