ಪರಮಶಿವಪ್ಪ ಉಜ್ಜಿದ ಅಂಚು

ಶಿಕಾರಿಪುರದ ಪರಮಶಿವಪ್ಪನವರ ಕಸುಬು ತೊಟ್ಟಿಲು ಮಾಡುವುದು. ಸೊರಬ, ಉಳವಿ ಕಡೆಯ ಬಾಣಂತಿ ಮನೆಯವರೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಕೂಸಿನ ಕೈ ತಾಗುವ ಒಂದೊಂದು ಅಂಚನ್ನೂ ಮರಳು ಕಾಗದದಿಂದ ಉಜ್ಜಿ, ತಮ್ಮ ಕೆನ್ನೆಗೆ ಒತ್ತಿ ನೋಡಿದ ಮೇಲೆಯೇ ಕಳಿಸುವರು.

1996ರ ಆಷಾಢದಲ್ಲಿ ಅವರು ಮಾಡಿದ್ದು ಹಾಯಿಹಲಗೆ. ಮಗಳು ದೀಪಶ್ರೀ ಮೈಸೂರಿನಲ್ಲಿ ಓದುತ್ತಾ ವಿಂಡ್‌ಸರ್ಫಿಂಗ್ ಕಲಿತಿದ್ದಳು. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಬಲದಲ್ಲಿ ನೀರಿನ ಮೇಲೆ ಓಡುವ ಆಟ ಅದು. ಗೋವಾದ ಸ್ಪರ್ಧೆಗೆ ಮೈಸೂರಿನಲ್ಲಿ ಮುಂದಿನ ವಾರ ಆಯ್ಕೆಯಿತ್ತು. ಅಷ್ಟರಲ್ಲಿ ಅವಳ ಹಲಗೆ ನಡುವೆ ಸೀಳಿತು. ಪರಮಶಿವಪ್ಪ ಆ ಮುರುಕು ಹಲಗೆಯನ್ನು ಎದುರಿಗಿಟ್ಟುಕೊಂಡು, ನೀರು ತಾಳುವ ಪ್ಲೈವುಡ್ಡಿನಲ್ಲಿ ಒಳಗೆ ಟೊಳ್ಳಾದ ಇನ್ನೊಂದನ್ನು ಕಟ್ಟಿದರು.

ಈಗ ಅಂಜನಾಪುರ ಜಲಾಶಯದ ದಂಡೆಯಲ್ಲಿ ನಿಂತು, ಮಗಳು ಅದನ್ನು ಓಡಿಸುವುದನ್ನು ನೋಡುತ್ತಿದ್ದರು. ಗಾಳಿ ಬೇಕಾದಷ್ಟಿತ್ತು, ಹಾಯಿ ಉಬ್ಬಿತ್ತು. ಹಲಗೆ ಮಾತ್ರ ಎಮ್ಮೆಯ ಹಾಗೆ ನೀರನ್ನು ದೂಡಿಕೊಂಡೇ ಸಾಗುತ್ತಿತ್ತು.

ದೀಪಶ್ರೀ ದಡಕ್ಕೆ ಬಂದು ಹಲಗೆ ಮಗುಚಿದಳು. "ಏಳ್ತಾನೇ ಇಲ್ಲಪ್ಪ. ಹಿಂದೆ ಯಾರೋ ಹಿಡ್ದು ಎಳ್ದಂಗಾಗುತ್ತೆ." ಹಿಂಭಾಗದ ಮೇಲೆ ಬೆರಳಾಡಿಸಿ ನಿಂತಳು. "ಹಳೇದ್ರಲ್ಲಿ ಈ ಅಂಚು ಚೂಪಿತ್ತಲ್ಲ, ಏನ್ಮಾಡಿದ್ರಿ?"

"ಉಜ್ಜಿದೆ. ಕಾಲು ತರಚ್ತದವ್ವ. ಹಳೇದು ಮಾಡ್ದೋರು ಕೆಲ್ಸ ಪೂರ್ತಿ ಮಾಡಿಲ್ಲ ಅಂದ್ಕಂಡೆ."

"ನಾಕು ಹಗ್ಗ ಕಟ್ಬಿಡ್ರಿ," ಎಂದರು ಹೆಂಡತಿ ನೀಲಾಂಬಿಕ. "ಕೂಸನ್ನಾದ್ರೂ ತೂಗ್ಬೋದು."

ಮಗಳು ನಗಲಿಲ್ಲ.

ನಿಧಾನವಾಗಿರುವಾಗ ಹಲಗೆ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಏರಿದಂತೆ ಅಡಿಯ ನೀರೇ ಅದನ್ನು ಮೇಲೆತ್ತಬೇಕು. ಆಗ ಹಿಂಭಾಗವಷ್ಟೇ ನೀರಿಗೆ ತಾಗಿ ಹಲಗೆ ಜಾರತೊಡಗುತ್ತದೆ. ಅದಕ್ಕೆ ಹಿಂದಿನ ತಳ ಚಪ್ಪಟೆಯಾಗಿ, ಅಂಚು ಚೂಪಾಗಿರಬೇಕು. ನೀರು ಹಲಗೆಯನ್ನು ಅಲ್ಲೇ ಬಿಟ್ಟುಹೋಗುತ್ತದೆ. ಅಂಚು ದುಂಡಗಿದ್ದರೆ ನೀರು ಹಲಗೆಯನ್ನು ಬಿಡುವುದಿಲ್ಲ. ಚೊಂಬಿನಿಂದ ಬಗ್ಗಿಸಿದ ಮಜ್ಜಿಗೆ ಹೊರಮೈಗೇ ಅಂಟಿ ಇಳಿಯುವ ಹಾಗೆ, ಅಂಚನ್ನು ಸುತ್ತಿಕೊಂಡು ಹಲಗೆಯನ್ನು ಕೆಳಕ್ಕೆ ಜಗ್ಗುತ್ತದೆ.

ಪರಮಶಿವಪ್ಪ ಹಿಂಭಾಗಕ್ಕೆ ತೇಗದ ಪಟ್ಟಿ ಅಂಟಿಸಿ, ಉಳಿಯಿಂದ ಚೂಪು ಅಂಚು ಮಾಡಿದರು. ಅಭ್ಯಾಸಬಲದಿಂದ ಕೈ ಮರಳು ಕಾಗದಕ್ಕೆ ಹೋಯಿತು. ದೀಪಶ್ರೀ ಅದನ್ನು ಕಿತ್ತುಕೊಂಡಳು.

"ತಾಗಿದ್ರೆ?"

"ತಾಗ್ಲಿ ಬಿಡಿ. ಕಾಲು ನಂದಲ್ವಾ?"

ಅಂಟು ಒಣಗಿದ ಮೇಲೆ ಮತ್ತೆ ನೀರಿಗಿಳಿಸಿದರು. ಪಟ್ಟಿ ಕಿತ್ತುಬಂದರೆ ಇನ್ನೊಮ್ಮೆ ಮಾಡಲು ಸಮಯವಿರಲಿಲ್ಲ. ಮೊದಲು ಅದೇ ಎಮ್ಮೆ ನಡಿಗೆ. ಗಾಳಿಯ ಒಂದು ಬೀಸು ಬಂತು. ಹಲಗೆಯ ಮೂತಿ ಎದ್ದಿತು; ಮತ್ತೆ ಕೂರಲಿಲ್ಲ. ನೀರಿನ ಸದ್ದು ಬದಲಾಯಿತು. ಹಲಗೆ ಪಟಪಟನೆ ಬಡಿಯುತ್ತಾ, ಎರಡೂ ಕಡೆ ತುಂತುರು ಚಿಮ್ಮಿಸುತ್ತಾ ಓಡಿತು.

"ಎದ್ದೈತಲ್ರಿ!" ಎಂದರು ನೀಲಾಂಬಿಕ.

ಪರಮಶಿವಪ್ಪ ದಂಡೆಯ ತುದಿಗೆ ಬಂದು ನಿಂತರು. ಮಗಳು ಇಷ್ಟು ಬೇಗ ಅಷ್ಟು ಸಣ್ಣವಳಾಗಿ ಕಾಣುತ್ತಾಳೆಂದು ಅವರು ಎಣಿಸಿರಲಿಲ್ಲ. ಆಚೆ ದಡದಲ್ಲಿ ಮುಳುಗಿದ ಮರದ ಬೊಡ್ಡೆಗಳಿದ್ದವು. "ತಿರುಗ್ಬೇಕಲ್ಲ ಅವ್ಳು," ಎಂದರು. ಹಾಯಿ ಒಮ್ಮೆಲೆ ನೀರಿಗೆ ಬಿತ್ತು. ಬರೀ ನೀರು ಕಂಡಿತು.

"ನೀಲಾ, ಕಾಣ್ತಾಳೇನೆ?"

"ತಡೀರಿ."

ಹಾಯಿ ನಿಧಾನವಾಗಿ ಎದ್ದಿತು, ಈ ಕಡೆಗೆ ಮುಖ ಮಾಡಿ. ನೋಡುನೋಡುತ್ತಿದ್ದಂತೆ ದೊಡ್ಡದಾಯಿತು. ದೀಪಶ್ರೀ ದಡ ಹತ್ತದೆ, ಸಮೀಪದಲ್ಲೇ ಹಾಯಿ ಸಡಿಲಿಸಿ ಕೂಗಿದಳು: "ಅಪ್ಪಾ, ಮೈಸೂರಿಗೆ ಇದೇ ತಗೊಂಡೋಗ್ತೀನಿ. ಇನ್ನೊಂದ್ಸಲ ಹೋಗ್ಬರ್ಲಾ?"

"ಹೋಗವ್ವ," ಎಂದರು ಪರಮಶಿವಪ್ಪ. ಅವರ ಪಂಚೆ ಮೊಣಕಾಲಿನವರೆಗೆ ನೆಂದಿತ್ತು. "ಬೊಡ್ಡೆ ಕಡೆ ಮಾತ್ರ ಬ್ಯಾಡ."